ಅಜ್ಜನ ಟೀವಿ: ಪರದೆ ಹಿಗ್ಗಿಸುವ ಮೊದಲು ಕುರ್ಚಿ ಎಳೆಯಿರಿ

ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ, ಪೇಟೆಯಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಕೃಷಿಕರ ಮನೆಗಳಲ್ಲಿ ಒಂದು ಮಾತು ಏಳುವುದುಂಟು. "ಅಜ್ಜನಿಗೆ ಈಗೀಗ ಟೀವಿ ಸರಿ ಕಾಣುವುದಿಲ್ಲವಂತೆ. ದೊಡ್ಡದೊಂದು ತಂದುಬಿಡುವ." ಮಾತು ಒಳ್ಳೆಯ ಮನಸ್ಸಿನದ್ದೇ. ಎರಡು ದಿನದಲ್ಲಿ 55 ಇಂಚಿನ ಟೀವಿ ಚಾವಡಿಯ ಗೋಡೆಗೆ ಏರುತ್ತದೆ. ವಾರ ಕಳೆದ ಮೇಲೆ ಹೋಗಿ ನೋಡಿ. ಅದರ ಎದುರು ಕ್ರಿಕೆಟ್ ನೋಡುತ್ತ ಕೂತವರು ಮೊಮ್ಮಕ್ಕಳು. ಅಜ್ಜ ಮೊದಲಿನ ಹಾಗೆಯೇ ಜಗಲಿಯ ತುದಿಯಲ್ಲಿ.

ಇದು ಒಂದು ಮನೆಯ ಕಥೆಯಲ್ಲ. ಕಣ್ಣು ಮಂದವಾದ ಹಿರಿಯರ ಹೆಸರಿನಲ್ಲಿ ಟೀವಿ ಕೊಳ್ಳುವಾಗ ನಾವು ಕೊಳ್ಳುವುದು ಹೆಚ್ಚಾಗಿ ನಮಗೆ ಬೇಕಾದ ಟೀವಿ. ಅವರನ್ನು ಯಾರೂ ಕೇಳಿರುವುದಿಲ್ಲ. ಕೇಳಿದರೂ "ಎಂತದಾದರೂ ಸಾಕು ಮಾರಾಯ, ಸುಮ್ಮನೆ ದುಡ್ಡು ಹಾಳು ಮಾಡ್ಬೇಡ" ಎಂದಿರುತ್ತಾರೆ. ಅದನ್ನೇ ಒಪ್ಪಿಗೆ ಎಂದು ತಿಳಿಯುತ್ತೇವೆ.

ಅಡಿಕೆ ಮರದ ಸೋಗೆ ಹಳದಿಯಾಗಿದೆ ಅನ್ನಿ. ನಾವು ಏನು ಮಾಡುತ್ತೇವೆ? ಬುಡದಲ್ಲಿ ನೀರು ನಿಂತಿದೆಯೇ, ಬೇರು ಕೊಳೆತಿದೆಯೇ, ಹುಳ ಬಿದ್ದಿದೆಯೇ, ಪೋಷಕಾಂಶದ ಕೊರತೆಯೇ ಎಂದು ಮೊದಲು ನೋಡುತ್ತೇವೆ. ನೋಡದೆ ಗೊಬ್ಬರ ಸುರಿದವನನ್ನು ನಾವೇ ನಗುತ್ತೇವೆ. ಕಣ್ಣಿನ ವಿಷಯದಲ್ಲಿ ಮಾತ್ರ ನೇರವಾಗಿ ಗೊಬ್ಬರದ ಅಂಗಡಿಗೆ, ಅಂದರೆ ಟೀವಿ ಅಂಗಡಿಗೆ ಓಡುತ್ತೇವೆ. ನನ್ನ ವಾದ ಇಷ್ಟೇ: ಮೊದಲು ಕಣ್ಣಿನ ವೈದ್ಯರು, ಆಮೇಲೆ ಕುರ್ಚಿ, ಆಮೇಲೆ ಬೆಳಕು, ಕೊನೆಗೆ ಟೀವಿ. ಈ ಕ್ರಮ ತಪ್ಪಿದರೆ ದುಡ್ಡು ಹೋಗುವುದು ಸಣ್ಣ ನಷ್ಟ. ಕಣ್ಣೇ ಹೋದರೆ ಅದನ್ನು ತುಂಬಿ ಕೊಡುವವರಿಲ್ಲ.

ಮಸುಕಿಗೆ ಕಾರಣ ಒಂದೇ ಅಲ್ಲ

"ವಯಸ್ಸಾಯ್ತಲ್ಲ, ಇನ್ನು ಕಾಣುವುದು ಅಷ್ಟೇ" ಎಂಬ ಮಾತು ನಮ್ಮಲ್ಲಿ ಬಲು ಸಲೀಸು. ಆದರೆ 2015ರಿಂದ 2019ರವರೆಗೆ ದೇಶದಲ್ಲಿ ನಡೆದ ಅಂಧತ್ವ ಸಮೀಕ್ಷೆ ಏನು ಹೇಳಿತು ಗೊತ್ತೇ? 50 ದಾಟಿದವರ ಕುರುಡುತನದಲ್ಲಿ ಶೇಕಡಾ 66ಕ್ಕೆ ಕಾರಣ ಕಣ್ಣಿನ ಪೊರೆ. ಅಂದರೆ ಮೂರರಲ್ಲಿ ಎರಡು ಪಾಲು, ಶಸ್ತ್ರಚಿಕಿತ್ಸೆಯಿಂದ ಹೋಗಲಾಡಿಸಬಹುದಾದದ್ದು. ಪೊರೆ ಬಂದ ಕಣ್ಣಿಗೆ ದೊಡ್ಡ ಟೀವಿ ತೋರಿಸುವುದೆಂದರೆ ಮಸಿ ಹಿಡಿದ ಲಾಟೀನಿನ ಗಾಜು ಒರೆಸದೆ ಬತ್ತಿ ಏರಿಸಿದ ಹಾಗೆ. ಪರದೆಯ ಬೆಳಕು ಜಾಸ್ತಿಯಾದಷ್ಟೂ ಅವರಿಗೆ ಕಣ್ಣು ಕುಕ್ಕುತ್ತದೆ.

ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಹಾಕಿ ಪೊರೆ ತೆಗೆಯುತ್ತಿದ್ದುದನ್ನು ಹಿರಿಯರು ಇವತ್ತಿಗೂ ನೆನೆಸುತ್ತಾರೆ. ಅವರು ತೀರಿಕೊಂಡದ್ದು 2005ರಲ್ಲಿ. ಶಿಬಿರಗಳ ಆ ಹಳೆಯ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬಾಟ್ಲಿಯ ಬುಡದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಎಷ್ಟೋ ಹಿರಿಯರ ತಲೆಯಲ್ಲಿ ಇನ್ನೂ ಇರುವುದು ಅದೇ ಚಿತ್ರ. ಈಗ ಕಣ್ಣಿನೊಳಗೇ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. "ಮಳೆಗಾಲದಲ್ಲಿ ಬೇಡ" ಎಂಬ ಹಳೆಯ ಹೆದರಿಕೆಗೂ ಈಗ ಆಧಾರವಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಆಶ್ರಯದಲ್ಲಿ ಸರಕಾರಿ ಆಸ್ಪತ್ರೆ, ಶಿಬಿರಗಳಲ್ಲಿ ಖರ್ಚಿಲ್ಲದೆ ಮಾಡಿಸಿಕೊಳ್ಳಲೂಬಹುದು.

ಕೆಲವರು ಹೇಳುವುದುಂಟು, "ಆಪರೇಷನ್ ಆಗಿತ್ತು, ಪೊರೆ ಪುನಃ ಬಂತು" ಅಂತ. ಅದು ಪೊರೆಯಲ್ಲ. ಕೂರಿಸಿದ ಲೆನ್ಸಿನ ಹಿಂದಿರುವ ತೆಳುವಾದ ಪದರ ವರ್ಷಗಳು ಕಳೆದಂತೆ ಮಬ್ಬಾಗುವುದು. ಲೇಸರ್ ಹಾಯಿಸಿದರೆ ಕೆಲವೇ ನಿಮಿಷದಲ್ಲಿ ಮುಗಿಯುವ ಕೆಲಸ. ಇದು ಗೊತ್ತಿಲ್ಲದೆ "ಇನ್ನು ಏನೂ ಮಾಡ್ಲಿಕ್ಕಾಗುವುದಿಲ್ಲ" ಎಂದು ವರ್ಷಗಟ್ಟಲೆ ಮಬ್ಬಿನಲ್ಲೇ ಕೂತವರಿದ್ದಾರೆ.

ಗ್ಲಾಕೋಮಾದ ಕಥೆ ಬೇರೆ. ಅದು ಕಳ್ಳನ ಹಾಗೆ. ನೋವಿಲ್ಲ, ಕೆಂಪಿಲ್ಲ. ಬದಿಯ ನೋಟ ಒಂದಿಷ್ಟೇ ಒಂದಿಷ್ಟೇ ಕಡಿಮೆಯಾಗಿ, ಕೊನೆಗೆ ಕೊಳವೆಯಲ್ಲಿ ಇಣುಕಿದಷ್ಟೇ ಉಳಿಯುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದದ್ದನ್ನು ದಿನಾ ಬಿಡುವ ಔಷಧದ ಹನಿಯಿಂದ ಕಾಪಾಡಬಹುದು. ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ಅಕ್ಷಿಪಟಲದ ರಕ್ತನಾಳಗಳು ಸೋರಿ ಅಲ್ಲಲ್ಲಿ ಕಲೆಯಂತೆ ಮಸುಕು ಬರುತ್ತದೆ. ಇನ್ನೊಂದು, ಅಕ್ಷಿಪಟಲದ ನಡುಭಾಗ ಸವೆಯುವುದು. ಇದರಲ್ಲಿ ಬದಿಯದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರು ನಿಂತವನ ಅಂಗಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನೆಟ್ಟಗಿರುವ ಅಡಿಕೆ ಮರವೋ ಕಿಟಕಿಯ ಸರಳೋ ಇದ್ದಕ್ಕಿದ್ದ ಹಾಗೆ ಸೊಟ್ಟ ಕಾಣತೊಡಗಿದರೆ ತೋಟದ ಕೆಲಸ ಬಿಟ್ಟು ಅದೇ ದಿನ ವೈದ್ಯರ ಹತ್ತಿರ ಕರಕೊಂಡು ಹೋಗಬೇಕು. ತಡ ಮಾಡಿದಷ್ಟೂ ಕೈ ಮೀರುತ್ತದೆ.

ಟೀವಿಯ ಲೇಖನದಲ್ಲಿ ಇದೆಲ್ಲ ಯಾಕೆ ಅಂತೀರಾ? ಕಣ್ಣಿನ ತೊಂದರೆ ಯಾವುದು ಎಂಬುದರ ಮೇಲೆ ಟೀವಿಯ ಆಯ್ಕೆ ನಿಲ್ಲುತ್ತದೆ. ನಡುಭಾಗ ಸವೆದವರಿಗೆ ಚಿತ್ರ ದೊಡ್ಡದಾದಷ್ಟೂ ಅನುಕೂಲ. ಗ್ಲಾಕೋಮಾದಿಂದ ನೋಟ ಕಿರಿದಾದವರಿಗೆ ಅದೇ ದೊಡ್ಡ ಟೀವಿ ಹತ್ತಿರ ಇಟ್ಟರೆ ಅರ್ಧ ಚಿತ್ರ ನೋಟದಿಂದ ಹೊರಗೆ. ಅವರಿಗೆ ಮಧ್ಯಮ ಗಾತ್ರದ್ದು, ಸ್ವಲ್ಪ ದೂರದಲ್ಲಿ ಇದ್ದರೆ ವಾಸಿ. ಪೊರೆಯವರಿಗೆ ಶಸ್ತ್ರಚಿಕಿತ್ಸೆಯ ನಂತರ ಹಳೆಯ ಟೀವಿಯೇ ಸಾಕಾದೀತು. ಒಂದೇ ಗೊಬ್ಬರ ಎಲ್ಲ ಮಣ್ಣಿಗೂ ಆಗುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲದ್ದೇ?

ಖರ್ಚಿಲ್ಲದ ಮದ್ದು

ಇನ್ನು ಕುರ್ಚಿಯ ಮಾತು. ಕಣ್ಣಿಗೆ ಚಿತ್ರ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದು ಪರದೆಯ ಇಂಚಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ. ದೂರವೂ ಅಷ್ಟೇ ಮುಖ್ಯ. 10 ಅಡಿ ದೂರದಲ್ಲಿದ್ದ ಕುರ್ಚಿಯನ್ನು 5 ಅಡಿಗೆ ಎಳೆದರೆ ಚಿತ್ರ ಇಮ್ಮಡಿಯಾಗುತ್ತದೆ. 32 ಇಂಚಿನ ಟೀವಿಯನ್ನು 5 ಅಡಿಯಲ್ಲಿ ಕೂತು ನೋಡುವುದೂ 64 ಇಂಚಿನದನ್ನು 10 ಅಡಿಯಲ್ಲಿ ನೋಡುವುದೂ ಕಣ್ಣಿನ ಲೆಕ್ಕದಲ್ಲಿ ಒಂದೇ. ಮೊದಲನೆಯದಕ್ಕೆ ಖರ್ಚಿಲ್ಲ.

"ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ" ಎಂದು ನಮ್ಮನ್ನೆಲ್ಲ ಸಣ್ಣವರಿದ್ದಾಗ ಹಿಂದಕ್ಕೆ ಕೂರಿಸಿದ್ದುಂಟು. ಈ ಹೆದರಿಕೆ ಬಲವಾಗಲು ಒಂದು ಕಾರಣವೂ ಇತ್ತು. 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟೀವಿಗಳಿಂದ ಮಿತಿಮೀರಿ ಎಕ್ಸ್ ರೇ ಹೊರಬರುವುದು ಗೊತ್ತಾಗಿ ಕಂಪೆನಿ ಅವನ್ನು ವಾಪಸು ಪಡೆದು ಸರಿಮಾಡಬೇಕಾಯಿತು. ಅದು ಗಾಜಿನ ಕೊಳವೆಯ ಟೀವಿಗಳ ಕಾಲ. ಈಗಿನ ಚಪ್ಪಟೆ ಟೀವಿಯಲ್ಲಿ ಆ ಕೊಳವೆಯೇ ಇಲ್ಲ. ಹತ್ತಿರ ಕೂತರೆ ಕಣ್ಣು ದಣಿದೀತು, ಹಾಳಾಗುವುದಿಲ್ಲ. ಮಂದಕಣ್ಣಿನ ಅಜ್ಜಿ ಮೂರಡಿಯಲ್ಲಿ ಕೂತು ಯಕ್ಷಗಾನ ನೋಡಿದರೆ "ಹಿಂದೆ ಕೂತ್ಕೊಳ್ಳಿ" ಎಂದು ಯಾರೂ ಗದರಬೇಡಿ.

ಇಲ್ಲೊಂದು ಸೂಕ್ಷ್ಮ ಉಂಟು. ಎರಡು ಭಾಗದ ಕನ್ನಡಕದಲ್ಲಿ ಮೇಲಿನದ್ದು ದೂರಕ್ಕೆ, ಕೆಳಗಿನದ್ದು ಪುಸ್ತಕಕ್ಕೆ. ಮೂರು ನಾಲ್ಕು ಅಡಿ ಎಂಬುದು ಎರಡಕ್ಕೂ ಸೇರದ ನಡುವಿನ ದೂರ. ವಯಸ್ಸಾದ ಕಣ್ಣು ತಾನಾಗಿ ಹೊಂದಿಸಿಕೊಳ್ಳಲಾರದು. ಹಾಗಾಗಿ ಕಣ್ಣು ಪರೀಕ್ಷೆಗೆ ಹೋಗುವ ಮೊದಲು ಕುರ್ಚಿಯಿಂದ ಟೀವಿಗೆ ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಈ ದೂರಕ್ಕೊಂದು ಕನ್ನಡಕ ಬರೆದುಕೊಡಿ" ಎಂದು ಕೇಳಿ. ಟೀವಿಗೆಂದೇ ಒಂದು ಕನ್ನಡಕ ಎಂದರೆ ಕೆಲವರು ನಗಬಹುದು. ಆದರೆ ಹೊಸ ಟೀವಿಯ ಬೆಲೆಯ ಎದುರು ಅದು ಎಷ್ಟರ ಖರ್ಚು? ಕಣ್ಣು ಬಹಳ ಸೋತವರಿಗೆ ಟೀವಿ ನೋಡಲೆಂದೇ ಪುಟ್ಟ ದುರ್ಬೀನಿನಂಥ ಕನ್ನಡಕಗಳೂ ಇವೆ. ದೊಡ್ಡ ಕಣ್ಣಾಸ್ಪತ್ರೆಗಳ ಮಂದದೃಷ್ಟಿ ವಿಭಾಗದಲ್ಲಿ ವಿಚಾರಿಸಬಹುದು.

ನಮ್ಮ ಮನೆಯಲ್ಲಿ ಅಮ್ಮನಿಗೆ 80 ದಾಟಿತು. ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿದೆ. ಆದರೂ ನಡುಭಾಗ ಮಸುಕು. ಟೀವಿ ಬದಲಿಸುವ ಮಾತು ಬಂದಾಗ ಹಳೆಯ 32 ಇಂಚಿನದರ ಎದುರು ಕುರ್ಚಿಯನ್ನು ಒಂದೊಂದೇ ಗೇಣು ಮುಂದಕ್ಕೆ ಎಳೆಯುತ್ತ ಹೋದೆವು. ವಾರ್ತೆ ಓದುವವಳ ಮುಖ ಗುರುತು ಸಿಕ್ಕಿದ್ದು 3 ಅಡಿಯಲ್ಲಿ. ಅಷ್ಟು ಹತ್ತಿರ ಅಮ್ಮ ಕೂತರೆ ಹಿಂದಿದ್ದವರಿಗೆ ಏನೂ ಕಾಣುವುದಿಲ್ಲ ಎಂದು ಅವರಿಗೇ ಸಂಕೋಚ. ಮತ್ತೆ ಶಾಲೆಯ ತ್ರೈರಾಶಿ. 32ಕ್ಕೆ 3 ಅಡಿ ಆದರೆ 43ಕ್ಕೆ 4 ಅಡಿ, 55ಕ್ಕೆ 5 ಅಡಿ ಚಿಲ್ಲರೆ. ನಾವು 43 ತಂದೆವು. ಗೋಡೆಗೆ ಏರಿಸದೆ ತಗ್ಗಿನ ಬೆಂಚಿನ ಮೇಲೆ ಇಟ್ಟೆವು. ಅಮ್ಮನ ಕುರ್ಚಿ ಒಂದು ಬದಿಗೆ, ನಾಲ್ಕಡಿಯಲ್ಲಿ. ನಮ್ಮ ಬೆಂಚು ಇನ್ನೊಂದು ಬದಿಗೆ, ಹಿಂದೆ. ಈ ತ್ರೈರಾಶಿಯನ್ನು ಯಾರೂ ಮನೆಯಲ್ಲೇ ಮಾಡಬಹುದು. ಅಂಗಡಿಗೆ ಹೋಗುವ ಮೊದಲೇ ಎಷ್ಟು ಇಂಚು ಎಂಬುದು ಗೊತ್ತಾದರೆ ಮಾರುವವನ ಮಾತಿಗೆ ಮರುಳಾಗಬೇಕಾಗಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಆದಷ್ಟೂ ಹಿರಿಯರನ್ನೇ ಕರಕೊಂಡು ಹೋಗಿ. ನೋಡುವ ಕಣ್ಣು ಅವರದ್ದು. ಮನೆಯಲ್ಲಿ ಅಳೆದ ದೂರದಲ್ಲೇ ಒಂದು ಕುರ್ಚಿ ಹಾಕಿಸಿ ಕೂರಿಸಿ. ಅಂಗಡಿಯಲ್ಲಿ ತೋರಿಸುವ ಹೂವು, ಗಿಳಿ, ಜಲಪಾತದ ಚಿತ್ರ ಬೇಡ. ಅದು ಯಾವ ಟೀವಿಯಲ್ಲೂ ಚಂದವೇ. ಮನೆಯಲ್ಲಿ ನೋಡುವ ಕನ್ನಡ ವಾರ್ತೆಯನ್ನೋ ಧಾರಾವಾಹಿಯನ್ನೋ ಹಾಕಿಸಿ. ಅಂಗಡಿಯಲ್ಲಿ ಬಣ್ಣ, ಬೆಳಕು ಎಲ್ಲ ತುದಿಗೇರಿಸಿಟ್ಟಿರುತ್ತಾರೆ. ಮನೆಯ ಹೊಂದಾಣಿಕೆಗೆ ಇಳಿಸಿ ತೋರಿಸಲು ಹೇಳಿ. "ಚಂದ ಉಂಟಾ?" ಎಂದು ಕೇಳಬೇಡಿ. "ಈಗ ಬಂದದ್ದು ಯಾರು? ಅಂಗಿ ಯಾವ ಬಣ್ಣ? ಕೆಳಗೆ ಏನು ಬರೆದಿದೆ?" ಎಂದು ಕೇಳಿ. ಉತ್ತರದಲ್ಲಿ ಸತ್ಯ ಹೊರಬರುತ್ತದೆ.

ಪರದೆಯ ಚುಕ್ಕಿಗಳ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಕೆ, ಎಂಟು ಕೆ ಎಂಬ ಸೂಕ್ಷ್ಮತೆ ಒಳ್ಳೆಯ ಕಣ್ಣಿಗೇ ದೂರದಿಂದ ಗೊತ್ತಾಗುವುದು ಕಷ್ಟ. ಮಂದಕಣ್ಣಿಗೆ ಬೇಕಾದದ್ದು ಕಪ್ಪು ಬಿಳುಪಿನ ಅಂತರ. ಕಪ್ಪು ಕಪ್ಪಾಗಿಯೇ ಕಾಣಬೇಕು, ಬೂದಿಯಂತಲ್ಲ. ಕತ್ತಲೆಯ ದೃಶ್ಯವೊಂದನ್ನು ಹಾಕಿಸಿ ಎರಡು ಮೂರು ಟೀವಿಗಳನ್ನು ಅಕ್ಕಪಕ್ಕ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬದಿಯಿಂದಲೂ ನೋಡಿ. ಕೆಲವು ಪರದೆಗಳು ನೇರಕ್ಕೆ ಮಾತ್ರ ಸ್ಪಷ್ಟ, ಬದಿಗೆ ಮಾಸುತ್ತವೆ. ಇನ್ನೊಂದು, ಕನ್ನಡಿಯಂತೆ ಹೊಳೆಯುವ ಪರದೆ ಬೇಡ. ಟೀವಿ ಆರಿಸಿದಾಗ ಅದರಲ್ಲಿ ನಿಮ್ಮ ಮುಖ ಎಷ್ಟು ಸ್ಪಷ್ಟ ಕಾಣುತ್ತದೋ, ಮನೆಯಲ್ಲಿ ಬಾಗಿಲಿನ ಬೆಳಕೂ ಅಷ್ಟೇ ಸ್ಪಷ್ಟವಾಗಿ ಚಿತ್ರದ ಮೇಲೆ ಕೂತಿರುತ್ತದೆ.

ಧ್ವನಿಯನ್ನು ಮರೆಯುವವರೇ ಹೆಚ್ಚು. ಕಣ್ಣು ಸೋತವರಿಗೆ ಅರ್ಧ ಟೀವಿ ಕಿವಿಯಲ್ಲಿ. ಹಳೆಯ ಡಬ್ಬಿ ಟೀವಿಗಳಲ್ಲಿ ಸ್ಪೀಕರು ಮುಂದಕ್ಕೆ ಮುಖ ಮಾಡಿರುತ್ತಿತ್ತು. ಈಗಿನ ತೆಳು ಟೀವಿಗಳಲ್ಲಿ ಹೆಚ್ಚಾಗಿ ಅದು ಕೆಳಕ್ಕೋ ಹಿಂದಕ್ಕೋ. ಸದ್ದು ಬರುತ್ತದೆ, ಮಾತು ಬಿಡಿಬಿಡಿಯಾಗಿ ಬರುವುದಿಲ್ಲ. ಇಂಚು ಹೆಚ್ಚಿಸುವ ದುಡ್ಡಿನಲ್ಲಿ ಒಂದಿಷ್ಟು ಉಳಿಸಿ ಒಳ್ಳೆಯ ಸ್ಪೀಕರೊಂದನ್ನು ಜೋಡಿಸಿದರೆ ಹಿರಿಯರಿಗೆ ಹೆಚ್ಚು ಉಪಕಾರ.

ರಿಮೋಟು ಕೈಗೆ ಕೊಟ್ಟು ನೋಡಿ. ಕರಿ ರಿಮೋಟಿನಲ್ಲಿ ಬೂದು ಬಣ್ಣದ ಸಣ್ಣ ಅಕ್ಷರ. ಒಂದು ಗುಂಡಿ ತಪ್ಪಿದರೆ ಇಂಟರ್ನೆಟ್ಟಿನ ಯಾವುದೋ ಮೂಲೆಗೆ ಹೋಗಿ ನಿಲ್ಲುತ್ತದೆ. ಮತ್ತೆ ವಾರ್ತೆಗೆ ಮರಳಲು ಮೊಮ್ಮಗ ಶಾಲೆಯಿಂದ ಬರಬೇಕು. ಟೀವಿ ಹಾಕಿದೊಡನೆ ಸೆಟ್ ಟಾಪ್ ಬಾಕ್ಸಿನ ಚಾನೆಲ್ಲೇ ಬರುವಂತೆ ಹೊಂದಿಸಿಕೊಡಲು ಅಂಗಡಿಯವನಿಗೆ ಹೇಳಿ. ಆನ್ ಮಾಡುವ ಗುಂಡಿಗೂ ಧ್ವನಿಯ ಗುಂಡಿಗೂ ಉಗುರಿನ ಬಣ್ಣದ ದಪ್ಪ ಚುಕ್ಕಿ ಇಟ್ಟರೆ ಬೆರಳಿಗೇ ಗೊತ್ತಾಗುತ್ತದೆ. ಪರದೆಯ ಮೇಲಿನದ್ದನ್ನು ಓದಿ ಹೇಳುವ, ಬಾಯಲ್ಲಿ ಹೇಳಿದ ಚಾನೆಲ್ ಹುಡುಕುವ ಸೌಲಭ್ಯ ಈಗ ಹಲವು ಟೀವಿಗಳಲ್ಲಿ ಇದೆ. ಒಳ್ಳೆಯದೇ. ಆದರೆ ನಿಮ್ಮ ಅಜ್ಜಿಯ ಕನ್ನಡ ಅದಕ್ಕೆ ಅರ್ಥವಾಗುತ್ತದೋ ಎಂದು ಅಲ್ಲೇ ಹೇಳಿಸಿ ನೋಡಿ, ಮತ್ತೆ ದುಡ್ಡು ಕೊಡಿ.

ಬೆಲೆಯ ಒಂದು ವಿಷಯ. ಕೆಲವು ವರ್ಷ 32 ಇಂಚಿಗಿಂತ ದೊಡ್ಡ ಟೀವಿಗಳಿಗೆ ಶೇಕಡಾ 28ರ ಜಿಎಸ್‌ಟಿ, 32ರವರೆಗಿನದ್ದಕ್ಕೆ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18ಕ್ಕೆ ಇಳಿಯಿತು. ತೆರಿಗೆಗೆ ಹೆದರಿ 32ಕ್ಕೇ ನಿಲ್ಲಬೇಕಾದ ಕಾರಣ ಈಗ ಇಲ್ಲ. ತೆರಿಗೆ ಇಳಿಯಿತೆಂದು ಬೇಡದ್ದನ್ನು ಕೊಳ್ಳಬೇಕಾದ ಕಾರಣವೂ ಇಲ್ಲ. ತಿಂಗಳ ಬಾಡಿಗೆ ಭಾರವೆನಿಸಿದರೆ ಡಿಡಿ ಫ್ರೀ ಡಿಶ್ ಇದೆ, ತಿಂಗಳ ಶುಲ್ಕವಿಲ್ಲದೆ ಚಂದನ ಬರುತ್ತದೆ.

ಮನೆಯಲ್ಲಿ ಇಡುವ ಜಾಗ

ನಮ್ಮ ಹೆಂಚಿನ ಮನೆಗಳಲ್ಲಿ ಬೆಳಕು ಬರುವುದು ಎದುರು ಬಾಗಿಲಿನಿಂದ. ಬಾಗಿಲಿಗೆ ಮುಖ ಮಾಡಿ ಟೀವಿ ಇಟ್ಟರೆ ಪರದೆಯಲ್ಲಿ ಅಂಗಳ ಕಾಣುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಇಟ್ಟರೆ ನೋಡುವವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಬೆಳಕು ಬದಿಯಿಂದ ಬರುವ ಹಾಗೆ ಇಡುವುದೇ ಸರಿ. ರಾತ್ರಿ ಕೋಣೆ ಪೂರಾ ಕತ್ತಲೆ ಮಾಡಬೇಡಿ. ಟೀವಿಯ ಹಿಂದೆ ಒಂದು ಮಂದ ದೀಪ ಇದ್ದರೆ ಕಣ್ಣಿಗೆ ಹಿತ, ಎದ್ದು ಹೋಗುವಾಗ ಎಡವುವುದೂ ತಪ್ಪುತ್ತದೆ. ಕರೆಂಟು ಉಳಿಸಲೆಂದು ಪರದೆಯ ಬೆಳಕನ್ನು ತಾನಾಗಿ ತಗ್ಗಿಸುವ ವ್ಯವಸ್ಥೆಯನ್ನು ಆರಿಸಿಡಿ.

ಪರದೆಯ ನಡುಭಾಗ ಕೂತವರ ಕಣ್ಣಿನ ಎತ್ತರಕ್ಕೆ ಇರಲಿ. ದೇವರ ಪಟದ ಪಕ್ಕಕ್ಕೆ ಏರಿಸಿದ ಟೀವಿಯನ್ನು ಎರಡು ಭಾಗದ ಕನ್ನಡಕದವರು ಕತ್ತು ಎತ್ತಿ ನೋಡುವಾಗ ಕಣ್ಣು ಕೆಳಗಿನ ಗಾಜಿಗೆ ಬಿದ್ದು ಇನ್ನಷ್ಟು ಮಬ್ಬು, ಮೇಲಿನಿಂದ ಕತ್ತು ನೋವು. ಕುರ್ಚಿ ಮುಂದೆ ಬಂದಾಗ ವಯರು ಕಾಲಿಗೆ ಸಿಗದ ಹಾಗೆ ಗೋಡೆಯ ಬುಡಕ್ಕೇ ಎಳೆಯಿರಿ. ಮಂದಕಣ್ಣಿನವರು ಬಿದ್ದು ಸೊಂಟದ ಮೂಳೆ ಮುರಿದರೆ ಟೀವಿ ಯಾವುದಾದರೇನು? ಸಿಡಿಲಿನ ಕಾಲದಲ್ಲಿ ಪ್ಲಗ್ ಮಾತ್ರ ತೆಗೆದರೆ ಸಾಲದು, ಡಿಶ್ಶಿನ ಕೇಬಲನ್ನೂ ಬಿಚ್ಚಬೇಕು. ಆ ಕೆಲಸ ಹಿರಿಯರ ತಲೆಗೆ ಕಟ್ಟಬೇಡಿ.

ಧಾರಣೆ ಯಾರು ಓದಿ ಹೇಳುತ್ತಾರೆ?

ಕೊನೆಗೆ ಒಂದು ಮಾತು ಚಾನೆಲ್ಲಿನವರಿಗೆ. ಪರದೆಯ ಕೆಳಗೆ ಧಾರಣೆ, ಮಳೆಯ ಮುನ್ಸೂಚನೆ ಇರುವೆಯ ಸಾಲಿನ ಹಾಗೆ ಓಡುತ್ತಿರುತ್ತದೆ. ಒಳ್ಳೆಯ ಕಣ್ಣಿನವನೇ ಓದಿ ಮುಗಿಸುವಷ್ಟರಲ್ಲಿ ಮುಂದೆ ಹೋಗಿರುತ್ತದೆ. "ಪರದೆಯ ಮೇಲೆ ಕಾಣುತ್ತಿರುವಂತೆ" ಎಂದು ಹೇಳಿ ಮುಂದಕ್ಕೆ ಹೋಗುವ ಬದಲು ಊರಿನ ಹೆಸರು, ಕ್ವಿಂಟಾಲಿನ ದರ ಬಾಯಿಬಿಟ್ಟು ಹೇಳಿದರೆ ಏನು ನಷ್ಟ? ಅಕ್ಷರ ಓದಲು ಬಾರದವರಿಗೂ, ಅಡುಗೆ ಮನೆಯಿಂದಲೇ ಕೇಳುವ ಹೆಂಗಸರಿಗೂ ಅದು ಉಪಕಾರವೇ. ರೇಡಿಯೋದವರು ಮೊದಲಿನಿಂದಲೂ ಮಾಡುತ್ತ ಬಂದದ್ದು ಇದನ್ನೇ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಆಗ ಕಣ್ಣು ಕಾಣುವವನಿಗೂ ಕಾಣದವನಿಗೂ ಸುದ್ದಿ ಸಮನಾಗಿ ಮುಟ್ಟುತ್ತಿತ್ತು. ಹೊಸ ಟೀವಿ ಬಂತೆಂದು ಹಳೆಯ ರೇಡಿಯೋವನ್ನು ಅಟ್ಟಕ್ಕೆ ಹಾಕಬೇಡಿ.

ಇದು ಬರೇ ಹೊತ್ತು ಕಳೆಯುವ ಪ್ರಶ್ನೆ ಅಲ್ಲ. ಧಾರಣೆ ಗೊತ್ತಿರುವ, ನಾಳೆ ಮಳೆ ಉಂಟೋ ಇಲ್ಲವೋ ಎಂದು ಕೇಳಿಸಿಕೊಂಡ ಹಿರಿಯರು ಮನೆಯ ಮಾತುಕತೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. "ಇವತ್ತು ಬೋರ್ಡೋ ಬಿಡುವುದು ಬೇಡ, ನಾಳೆಯ ವರೆಗೆ ನೋಡುವ" ಎನ್ನುವ ಮಾತು ಅವರಿಂದ ಬರುತ್ತದೆ. ಏನೂ ತಿಳಿಯದೆ ಕೂತವರ ಅಭಿಪ್ರಾಯವನ್ನು ನಿಧಾನವಾಗಿ ಯಾರೂ ಕೇಳದಂತಾಗುತ್ತದೆ. 50 ವರ್ಷ ತೋಟ ನೋಡಿದ ಅನುಭವ ಮನೆಯೊಳಗೇ ಇದ್ದೂ ಇಲ್ಲದಂತಾಗುವುದು ಹೀಗೆ.

ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಕಣ್ಣು ತೋರಿಸಿ, ಕುರ್ಚಿ ಎಳೆದು ನೋಡಿ, ಟೀವಿಯ ದಿಕ್ಕು ತಿರುಗಿಸಿ ನೋಡಿ. ಅಷ್ಟಾದ ಮೇಲೂ ಬೇಕೆನಿಸಿದರೆ ಹೊಸದು ತನ್ನಿ, ಆಯ್ಕೆ ಅವರದ್ದೇ ಇರಲಿ. ನಿಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಕಂಡುಕೊಂಡಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ನಮಗೂ ಆ ವಯಸ್ಸು ದೂರ ಇಲ್ಲ.